ಬೇತಮಂಗಲದ ಕೆಸರಂಚು

ಬಂಗಾರಪೇಟೆ, ರಾತ್ರಿ ಹನ್ನೊಂದೂವರೆ

ಪ್ರೀತಿಯ ಅಕ್ಕನಿಗೆ,

ಸುಖವಾಗಿ ಬಂದು ಸೇರಿದ್ದಾಯಿತು, ಹೊಟ್ಟೆಯೂ ತುಂಬಿದೆ. ಅಮ್ಮನಿಗೆ ಮೊದಲು ಇಷ್ಟು ಓದಿ ಹೇಳು. ಅವರ ಬಿ.ಪಿ. ಮಾತ್ರೆ ಈ ವಾರ ಮುಗಿಯುತ್ತೆ, ಚೀಟಿ ದೇವರಮನೆ ಡಬ್ಬಿಯಲ್ಲಿದೆ.

ಕೋಲಾರ ಚಿನ್ನದ ಗಣಿಯ ಊರು ಕೆ.ಜಿ.ಎಫ್. ವಿಷಯ ನಿನಗೆ ಗೊತ್ತಿರೋದೇ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಊರು. ಚಿನ್ನ ತೆಗೆದು ಉಳಿದ ಮಣ್ಣಿನ ಸಯನೈಡ್ ಗುಡ್ಡಗಳು ಹಾಗೇ ನಿಂತಿವೆ.

ದಿನವೆಲ್ಲ ಹೋದದ್ದು ಬೇತಮಂಗಲ ಕೆರೆಯ ಬಳಿ. ಪಾಲಾರ್ ನದಿಯ ಈ ಕೆರೆಯೇ ಗಣಿಯವರಿಗೆ ನೀರು ಕೊಟ್ಟಿದ್ದು. ನೀರು ಹಿಂದೆ ಸರಿದ ಕಡೆ ಗದ್ದೆ ಗೊರವ ಹಕ್ಕಿಗಳು ಇಳಿದಿದ್ದವು. ಗೊರವಂಕಕ್ಕಿಂತ ಚಿಕ್ಕದು, ತೂಕ ಅರವತ್ತು-ಎಪ್ಪತ್ತು ಗ್ರಾಂ. ಕಂದು ಬೆನ್ನಿನ ತುಂಬ ಬಿಳಿ ಚುಕ್ಕಿ, ಕಣ್ಣ ಮೇಲೆ ಬಿಳಿ ಹುಬ್ಬು, ಹಳದಿ ಬೆರೆತ ಹಸಿರು ಕಾಲು. ನಾಲ್ಕು ಹೆಜ್ಜೆ ಇಡುತ್ತೆ, ಕೊಕ್ಕು ಅದ್ದಿ ಹುಳ ಎಳೆಯುತ್ತೆ, ಬಾಲ ಆಡಿಸುತ್ತೆ, ಮತ್ತೆ ನಾಲ್ಕು ಹೆಜ್ಜೆ. ಇವು ಮೊಟ್ಟೆ ಇಡೋದು ಉತ್ತರ ಯುರೋಪು, ಸೈಬೀರಿಯಾದ ಜೌಗು ಕಾಡುಗಳಲ್ಲಿ! ಅಲ್ಲಿ ಹಿಮ ಬೀಳುವ ಮುಂಚೆ ಹೊರಟು ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ, ಬೇಸಿಗೆ ಬಲಿಯುವ ಹೊತ್ತಿಗೆ ವಾಪಸ್.

ಇದೇ ಬಳಗದ ಗಾಡ್‌ವಿಟ್ ಎಂಬ ಹಕ್ಕಿಯ ಕತೆಯನ್ನು ಪುಟ್ಟಿಗೆ ಹೇಳು. 2022ರಲ್ಲಿ ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಟ್ಯಾಸ್ಮೇನಿಯಾಕ್ಕೆ ಹನ್ನೊಂದು ದಿನ ಎಲ್ಲೂ ಇಳಿಯದೆ 13,560 ಕಿ.ಮೀ. ಹಾರಿತು. ಹೊರಡುವ ಮುಂಚೆ ಈ ಹಕ್ಕಿಗಳು ಕೊಬ್ಬು ತುಂಬಿಕೊಂಡು, ಜೀರ್ಣಾಂಗಗಳನ್ನೇ ಕುಗ್ಗಿಸಿಕೊಳ್ಳುತ್ತವಂತೆ.

ಕೆರೆ ಏರಿಯ ಮೇಲೆ ಸಿಕ್ಕ ಹಿರಿಯರೊಬ್ಬರ ಬಗ್ಗೆ ಹೇಳಲೇಬೇಕು. ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದೊಳಗೆ ದುಡಿದವರು. ಬಿಸಿಲಲ್ಲಿ ನಿಂತಿದ್ದು ನೋಡಿ ತಾವೇ ಬಂದು ಕೊಡೆ ಹಿಡಿದರು. ಬಂಗಾರಪೇಟೆ ಬಸ್ಸು ಕಣ್ಣೆದುರೇ ಹೊರಟುಹೋದಾಗ, "ಇನ್ನೊಂದು ಬರೋಕೆ ಹೊತ್ತಿದೆ, ಬನ್ನಿ, ಉಣ್ಣೋಣ" ಅಂತ ಮನೆಗೆ ಕರೆದೊಯ್ದರು. ಬಿಸಿ ಬಿಸಿ ಮುದ್ದೆ, ಅವರೆಕಾಳು ಸಾರು, ಮೇಲೊಂದು ಚಮಚ ತುಪ್ಪ. ಅವರ ಮನೆಯಾಕೆ ಎರಡನೇ ಮುದ್ದೆಯನ್ನು ಕೇಳದೇ ತಟ್ಟೆಗೆ ಹಾಕಿದರು. ದುಡ್ಡಿನ ಮಾತು ಎತ್ತಿದ್ದಕ್ಕೆ ಇಬ್ಬರಿಗೂ ಬೇಜಾರಾಯಿತು.

ಉಣ್ಣುತ್ತಾ ಆ ಹಿರಿಯರು ಅಂದರು: "ಕೆರೆ ಕೋಡಿ ಬಿದ್ದಾಗ ಈ ಗೊರವಗಳು ಕಾಣಲ್ಲ. ಬೆರಳುದ್ದ ಕಾಲು, ನೆಲ ಸಿಗಬೇಕಲ್ಲ!"

ಎಷ್ಟು ನಿಜ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ ಕೆರೆ ತುಂಬುವುದು ಈ ಜಿಲ್ಲೆಗೆ ಎಂಥ ಸಂಗತಿ ಅಂತ ನಮ್ಮ ಮಾವನವರನ್ನು ಕೇಳು. ಆದರೆ ವರ್ಷವಿಡೀ ಅಂಚಿನ ತನಕ ನೀರು ನಿಂತರೆ, ಹೂಳೆತ್ತುವ ಜೆಸಿಬಿ ದಡವನ್ನು ಗೋಡೆಯ ಹಾಗೆ ಕಡಿದರೆ, ಗೊರವ ಎಲ್ಲಿ ಕಾಲೂರಬೇಕು? ಒಂದು ಬದಿಯಾದರೂ ಇಳಿಜಾರಾಗಿ, ಕೆಸರಾಗಿ ಉಳಿಯಬೇಕು. ಕೆರೆ ಕೆಲಸದ ಅಂದಾಜು ಬರೆಯುವವರು ಒಂದು ಸಾಲು ಸೇರಿಸಿದರೆ ಸಾಕು.

ಸಂಜೆ ಇಲ್ಲಿನ ಪಾನಿಪುರಿಯೂ ಆಯಿತು. ಪಾನಿ ನೋಡಲು ಬರೀ ನೀರು, ಖಾರ ನೆತ್ತಿಗೇರುತ್ತೆ. ಭಾವನವರಿಗೆ ಹೇಳಬೇಡ, ಹೊಟ್ಟೆಕಿಚ್ಚು ಪಡುತ್ತಾರೆ.

ಗ್ಯಾಸ್ ಬಂದರೆ ಕೊಡಲು ದುಡ್ಡು ಕಪಾಟಿನ ಮೇಲಿನ ಅರೆಯಲ್ಲಿದೆ. ನಾಳೆ ಬೆಳಗ್ಗೆ ಆ ಹಿರಿಯರು ಇನ್ನೊಂದು ಕೆರೆ ತೋರಿಸುತ್ತಾರಂತೆ, ಅಲ್ಲಿ ಮೆಟ್ಟುಗಾಲು ಹಕ್ಕಿಗಳು ಹಿಂಡುಹಿಂಡಾಗಿ ಇವೆಯಂತೆ, ಉದ್ದ ಕೆಂಪು ಕಾಲಿನವು, ಪುಟ್ಟಿ ಒಮ್ಮೆ ಚಿತ್ರ ಬರೆದಿದ್ದಳಲ್ಲ, ಅದೇ. ಅಂದಹಾಗೆ ಅವಳ ಶಾಲೆಯ ರಜೆ ಯಾವಾಗ ಅಂತ ಬರೆ.