ಕಾಲಿಡಬಾರದ ನೀರು

ನವಲಗುಂದದ ಕಡೆಯವರಿಗೆ ನೀರೆಂದರೆ ದಂಡೆಯಲ್ಲಿ ನಿಂತು ನೋಡುವಂಥದ್ದು. ಎರೆನೆಲದ ಬಾವಿಯ ನೀರು ಹೆಚ್ಚಾಗಿ ಸವಳು. ಕುಡಿಯಲು ಕೆರೆಯೇ ಗತಿ. ದಂಡೆಯ ಮೇಲೆ ಚಪ್ಪಲಿ ಬಿಟ್ಟು, ಕೊನೆಯ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು ಅವ್ವ ಕೊಡ ಅದ್ದುತ್ತಿದ್ದಳು. ನಾನು ಒಂದು ಹೆಜ್ಜೆ ಮುಂದೆ ಸರಿದರೆ ಸಾಕು, “ಕುಡಿಯೂ ನೀರದು, ಕಾಲಿಡಬ್ಯಾಡ” ಅನ್ನುತ್ತಿದ್ದಳು. ಹಾಗಾಗಿ ನನಗೆ ಈಜು ಬರಲೇ ಇಲ್ಲ.

ಆದರೂ ಹೋದ ಸಲ ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ, ಕಡಲಿನೊಳಗೆ ಮುಳುಗಿ ನೋಡೋಣವೆಂದು ಮುರ್ಡೇಶ್ವರಕ್ಕೆ ಹೊರಟೆ. ಕಲಘಟಗಿ ಬರುವಷ್ಟರಲ್ಲಿ ನೆಲ ಕೆಂಪಾಯಿತು, ಯಲ್ಲಾಪುರದಲ್ಲಿ ಕಾಡಾಯಿತು, ಅರಬೈಲ್ ಘಟ್ಟ ಇಳಿದಾಗ ಗಾಳಿಗೆ ಉಪ್ಪಿನ ವಾಸನೆ ಬಂತು. ಮರುದಿನ ಬೆಳಿಗ್ಗೆ ದೋಣಿ ಹತ್ತಿದೆವು. ನಾವು ಹೊರಟಿದ್ದ ನೇತ್ರಾಣಿ ಗುಡ್ಡ ಒಂದು ದ್ವೀಪ, ದಂಡೆಯಿಂದ ಸುಮಾರು 19 ಕಿಲೋಮೀಟರ್ ಕಡಲೊಳಗಿದೆ. ಹತ್ತಿರಾದಂತೆ ಕಡಿದಾದ ಬಂಡೆ, ಮೇಲೆ ಹಸಿರು, ಅದರ ಮೇಲೆ ಸುತ್ತು ಹಾಕುವ ಬಿಳಿಹೊಟ್ಟೆಯ ಕಡಲಹದ್ದು. ಮೀನುಗಾರರು ಹರಕೆಗೆ ಬಿಟ್ಟ ಆಡುಗಳು ಅಲ್ಲಿ ಕಾಡಾಡುಗಳಾಗಿವೆಯಂತೆ. ಇಷ್ಟು ಜೀವ ತುಂಬಿದ ಗುಡ್ಡವನ್ನು ನೌಕಾಪಡೆ ಗುಂಡು ಹಾರಿಸುವ ಅಭ್ಯಾಸಕ್ಕೂ ಬಳಸಿದೆ. ಗುರಿ ಇಡಲು ಬೇರೆ ಜಾಗ ಸಿಕ್ಕೀತು. ಆ ಹದ್ದುಗಳಿಗೆ ಬೇರೆ ನೇತ್ರಾಣಿ ಎಲ್ಲಿದೆ?

ಬೆನ್ನಿಗೆ ಗಾಳಿಯ ಸಿಲಿಂಡರ್, ಸೊಂಟಕ್ಕೆ ಸೀಸದ ತೂಕ, ಮೂಗು ಮುಚ್ಚುವ ಮಾಸ್ಕ್. ಬಾಯಲ್ಲೇ ಉಸಿರಾಡಬೇಕು. ಕಲಿಸುವ ಹುಡುಗ ಭಟ್ಕಳದ ಕಡೆಯವನು. “ಅಣ್ಣಾ, ಎಲ್ಲಾ ಮರ್ತ್ರೂ ಅಡ್ಡಿಲ್ಲ, ಉಸಿರು ಮಾತ್ರ ಕಟ್ಬೇಡಿ” ಅಂದ. ಉಸಿರು ಕಟ್ಟಿ ಮೇಲೆದ್ದರೆ ಎದೆಯೊಳಗಿನ ಗಾಳಿ ಹಿಗ್ಗಿ ಪುಪ್ಪುಸಕ್ಕೇ ಪೆಟ್ಟು. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡರಷ್ಟು. ಎರಡಾಳುದ್ದ ಇಳಿಯುವುದರೊಳಗೇ ಕಿವಿಯಲ್ಲಿ ಸೂಜಿ ಚುಚ್ಚಿದಂತಾಯಿತು. ಅವನು ಹೇಳಿಕೊಟ್ಟಂತೆ ಮೂಗು ಹಿಡಿದು ಮೆಲ್ಲಗೆ ಊದಿದೆ. ಟಪ್ಪೆಂದು ಕಿವಿ ಬಿಟ್ಟಿತು.

ಆಮೇಲೆ ಕೇಳಿಸಿದ್ದು ನನ್ನ ಉಸಿರೊಂದೇ. ಎಳೆದಾಗ ಸುಯ್ ಎಂಬ ಸದ್ದು, ಬಿಟ್ಟಾಗ ಗುಳ್ಳೆಗಳ ಗುಳುಗುಳು. ಇಷ್ಟು ವರ್ಷ ನನ್ನೊಳಗೇ ಓಡಾಡಿದ ಉಸಿರಿಗೆ ಅವತ್ತು ಮೊದಲ ಸಲ ಕಿವಿಗೊಟ್ಟೆ. ಅದು ನಿಧಾನವಾದಂತೆ ಭಯವೂ ಇಳಿಯಿತು.

ಆಗ ಬಂಡೆಯ ಕಡೆಯಿಂದ ಇನ್ನೊಂದು ಸದ್ದು ಬಂತು: ಕಟಕಟ, ಕಟಕಟ. ರಾತ್ರಿ ಗ್ವಾದಲಿಯಲ್ಲಿ ಎತ್ತು ಕಣಿಕಿ ಮೆಲ್ಲುವ ಸದ್ದೇ! ಹುಡುಗ ಬೆರಳು ತೋರಿಸಿದ. ಗಿಳಿಮೀನು, ಕೊಕ್ಕಿನಂಥ ಬಾಯಿಂದ ಬಂಡೆಗೆ ಅಂಟಿದ ಪಾಚಿಯನ್ನು ಕೆರೆದು ತಿನ್ನುತ್ತಿತ್ತು. ಹಸಿರು ಮೈ, ಅಂಚಿಗೆ ಗುಲಾಬಿ ಗೆರೆ. ಒಂದು ಗಳಿಗೆ ನನ್ನನ್ನು ನೋಡಿ ಮತ್ತೆ ಮೇವಿಗೆ ಬಾಯಿಟ್ಟಿತು. ಅಷ್ಟರಲ್ಲಿ ಮೇಲೆ ಸಣ್ಣ ಮೀನುಗಳ ಹಿಂಡೊಂದು ಹಾದುಹೋಯಿತು. ನಮ್ಮ ಕಡಲೆ ಹೊಲದಲ್ಲಿ ಚಿಗರಿ ಹಿಂಡು ಹೊರಳುವ ಹಾಗೆ, ಒಂದು ತಿರುಗಿದ್ದೇ ತಡ ಎಲ್ಲವೂ ತಿರುಗಿದವು, ನೀರು ಬೆಳ್ಳಿಯಾಯಿತು. ಏನನ್ನೂ ಮುಟ್ಟಬಾರದೆಂದು ಮೊದಲೇ ಹೇಳಿದ್ದರು. ಹವಳ ಎಂಬುದು ಕಲ್ಲಲ್ಲ, ಜೀವ. ಕೈ ಕಟ್ಟಿಕೊಂಡು ತೇಲುತ್ತಿದ್ದೆ. ಇಲ್ಲಿಯೂ ಅವ್ವನ ಮಾತೇ ನಡೆದಿತ್ತು.

ಮೇಲೆ ಬಂದು ದೋಣಿಯ ಅಂಚು ಹಿಡಿದಾಗ ಬಾಯೆಲ್ಲ ಉಪ್ಪು, ತುಟಿ ಒಣಗಿತ್ತು. ಚೀಲದಲ್ಲಿ ಊರಿಂದ ತಂದ ಕೆರೆನೀರಿನ ಬಾಟಲಿ ಇತ್ತು. ಹುಡುಗನಿಗೂ ಕೊಟ್ಟೆ. ಒಂದು ಗುಟುಕು ಕುಡಿದು, “ಸಿಹಿ ಉಂಟಲ್ಲ ಅಣ್ಣಾ” ಅಂದ.