ಐದು ತುಂಬಿ ಆರಕ್ಕೆ

ಬೆಳಿಗ್ಗೆ ಎಂಟೂವರೆಗೆ ಆಸ್ಪತ್ರೆಗೆ ಹೋದರೆ ನಮ್ಮ ಬೆಂಚಿನ ಮೇಲ್ಗಡೆ ಹೊಸದೊಂದು ಬೋರ್ಡು ಬಂದಿತ್ತು. 'ಮಾತನಾಡಬಾರದು, ನಿಶ್ಶಬ್ದವಾಗಿರಿ' ಎಂದು ಕೆಂಪು ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ತುಟಿಯ ಮೇಲೆ ಬೆರಳಿಟ್ಟುಕೊಂಡ ಹೆಂಗಸಿನ ಚಿತ್ರ ಹಾಕಿದ್ದಾರೆ. ಆಪರೇಷನ್ ಕೋಣೆಯ ಮುಂದೆ ತೂಗುಹಾಕಿದ್ದರೆ ನಾನೇ ಕೈಮುಗಿಯುತ್ತಿದ್ದೆ. ಇದು ಬಸುರಿಯರು ತಪಾಸಣೆಗೆ ಕಾಯುವ ಜಾಗ. ನನಗೆ ಸಿಟ್ಟು ಬಂತು. ಈಗ ಸಂಜೆಯಾಗಿದೆ, ಕಾಲು ನೀಡಿಕೊಂಡು ಬರೆಯುತ್ತಿದ್ದೇನೆ, ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಇವತ್ತು ಒಂಬತ್ತನೇ ತಾರೀಕು. ಪ್ರತಿ ತಿಂಗಳು ಈ ದಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳು ದಾಟಿದ ಬಸುರಿಯರನ್ನು ಡಾಕ್ಟರೇ ನೋಡುತ್ತಾರೆ, ದುಡ್ಡಿಲ್ಲ. 2016ರಲ್ಲಿ ಶುರುವಾದ ಈ ಯೋಜನೆಗೆ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಎಂಬ ಉದ್ದದ ಹೆಸರಿದೆ. ನಮ್ಮಲ್ಲಿ ಆಶಾ ಕಾರ್ಯಕರ್ತೆ ಬಂದು "ನಾಳೆ ಒಂಬತ್ತು, ಮರೀಬ್ಯಾಡ್ರಿ" ಎಂದರೆ ಸಾಕು, ತಾಯಿ ಕಾರ್ಡು ಚೀಲಕ್ಕೆ ಬೀಳುತ್ತದೆ. ತೂಕ, ಬಿಪಿ, ರಕ್ತ, ಮೂತ್ರ ಎಲ್ಲ ಆಗುತ್ತದೆ. ಅದನ್ನೆಲ್ಲ ವಿವರಿಸುವ ಅಗತ್ಯವಿಲ್ಲ, ಹೋದವರಿಗೆಲ್ಲ ಗೊತ್ತು.

ನನಗೆ ಇವತ್ತು ಗ್ಲೂಕೋಸ್ ಪರೀಕ್ಷೆ ಬೇರೆ ಇತ್ತು. ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆಯನ್ನು ಹಿಡಿಯಲು 24ರಿಂದ 28 ವಾರದೊಳಗೆ ಇದನ್ನು ಮಾಡುತ್ತಾರೆ. 75 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿಗೆ ಕಲಸಿ ಕೊಡುತ್ತಾರೆ, ಐದು ಹತ್ತು ನಿಮಿಷದಲ್ಲಿ ಕುಡಿದು ಮುಗಿಸಬೇಕು, ಎರಡು ಗಂಟೆ ಬಿಟ್ಟು ರಕ್ತ ಕೊಡಬೇಕು. 140 ಮುಟ್ಟಿದರೆ ಮುಂದಿನ ಚಿಕಿತ್ಸೆ. ಕುಡಿಯುವುದು ಸುಲಭವಲ್ಲ. ಸ್ಟೀಲ್ ಲೋಟದ ತಳದಲ್ಲಿ ಕರಗದ ಪುಡಿ ಕೂತಿರುತ್ತದೆ, ಕೊನೆಯ ಗುಟುಕು ಗಂಟಲಿಗೆ ಅಂಟುತ್ತದೆ, ವಾಂತಿ ಬಂದರೆ ಇನ್ನೊಂದು ದಿನ ಮತ್ತೆ ಮೊದಲಿನಿಂದ. ಪಕ್ಕದಲ್ಲಿ ಕೂತಾಕೆ, ಅವಳಿಗಿದು ಮೂರನೆಯದು, ನನ್ನ ಮುಖ ನೋಡಿ "ಮೂಗಿನಿಂದ ಉಸಿರು ಬಿಡ್ರಿ ಅಕ್ಕಾ, ಮಾತಾಡ್ಕೋತ ಕುಂದ್ರಿ, ಇಳೀತದ" ಎಂದಳು. ಇಳಿಯಿತು. ಎರಡು ಗಂಟೆ ಎದ್ದು ಹೋಗಬೇಡಿ ಎಂದು ಆಸ್ಪತ್ರೆಯವರೇ ಕೂರಿಸುತ್ತಾರೆ. ಹಾಗೆ ಕೂತ ಹತ್ತು ಹನ್ನೆರಡು ಹೆಂಗಸರಿಗೆ, ಎಲ್ಲರಿಗೂ ಹೊಟ್ಟೆಯೊಳಗೆ ಹೇಳಿಕೊಳ್ಳಬೇಕಾದ ಸುದ್ದಿಯೇ ತುಂಬಿರುವವರಿಗೆ, ಬಾಯಿ ಮುಚ್ಚಿ ಎನ್ನುವುದು ಯಾವ ನ್ಯಾಯ?

ಬೆಂಚಿನ ಮಾತು ಶುರುವಾಗುವುದು ಒಂದೇ ಪ್ರಶ್ನೆಯಿಂದ. ನಮ್ಮೂರ ನದಿಯ ಆಚೆಯವರಾದರೆ "ಎಷ್ಟ್ರಾಗ ಬಿದ್ದೈತ್ರಿ?" ಈಚೆಯವರಾದರೆ "ಎಷ್ಟು ತುಂಬ್ತು?" ನಾನು ಉತ್ತರ ಕೊಡುತ್ತೇನೆ: ಐದು ತುಂಬಿ ಆರಕ್ಕೆ ಬಿದ್ದಿದೆ.

ಈ ಒಂದು ವಾಕ್ಯದ ಮೇಲೆ ನನಗೆ ಎಷ್ಟು ಪ್ರೀತಿ ಎಂದರೆ ಇದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಡಾಕ್ಟರು ಎಣಿಸುವುದು ವಾರ. ನನ್ನ ಕಾರ್ಡಿನಲ್ಲಿ 24 ವಾರ ಎಂದು ಬರೆದಿದೆ. ನಮ್ಮತ್ತೆ ಅದನ್ನು ನಾಲ್ಕರಿಂದ ಭಾಗಿಸಿ, ಆರು ತುಂಬಿತು, ಏಳಕ್ಕೆ ಬಿತ್ತು, ಸೀಮಂತಕ್ಕೆ ದಿನ ನೋಡಬೇಕು ಎಂದು ಪಂಚಾಂಗ ತೆಗೆದರು. ಅಮ್ಮ ಫೋನಿನಲ್ಲಿ, "ಅದು ಹ್ಯಾಗಾಗ್ತದೆ ಬೀಗ್ರೇ, ಐದು ತುಂಬಿ ಆರರಲ್ಲಿ ಹದಿನೈದು ದಿನ" ಎಂದರು. ಇಬ್ಬರದೂ ಲೆಕ್ಕವೇ. ನಾಲ್ಕು ವಾರಕ್ಕೆ 28 ದಿನ, ಕ್ಯಾಲೆಂಡರಿನ ತಿಂಗಳಿಗೆ 30, 31. ತಿಂಗಳಿಗೆ ಎರಡು ಮೂರು ದಿನದ ಈ ವ್ಯತ್ಯಾಸ ಕೂಡುತ್ತ ಕೂಡುತ್ತ ಆರನೆಯದಕ್ಕೆ ಬರುವಾಗ ಅರ್ಧ ತಿಂಗಳಾಗಿ ನಿಲ್ಲುತ್ತದೆ. ಡಾಕ್ಟರರ ಎಣಿಕೆ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರು, ಅಂದರೆ ಮೊದಲೆರಡು ವಾರ ಕೂಸೇ ಇರುವುದಿಲ್ಲ. ಅಲ್ಲಿಂದ 280 ದಿನ, 40 ವಾರ. ಮುಟ್ಟಿನ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ ಎಂದು ಜರ್ಮನಿಯ ನೇಗೆಲೆ ಎಂಬ ವೈದ್ಯರ ಹೆಸರಿನ ಸೂತ್ರ ಹೇಳುತ್ತದೆ. ನಮ್ಮಜ್ಜಿ ಹೇಳುತ್ತಿದ್ದದ್ದು ಒಂಬತ್ತು ತಿಂಗಳು ಒಂಬತ್ತು ದಿನ. ಎರಡೇ ದಿನದ ಅಂತರ! ಇನ್ನು ಋಗ್ವೇದದ ಐದನೆಯ ಮಂಡಲದಲ್ಲಿ ಸುಖಪ್ರಸವಕ್ಕೆ ಒಂದು ಪ್ರಾರ್ಥನೆ ಇದೆ, ಅಲ್ಲಿ ಕೂಸು ತಾಯಿಯೊಳಗೆ ಮಲಗಿರುವುದು ಹತ್ತು ತಿಂಗಳು. 280ನ್ನು 28ರಿಂದ ಭಾಗಿಸಿ ನೋಡಿ, ಸರಿಯಾಗಿ ಹತ್ತು. ಅಜ್ಜಿಯೂ ಸರಿ, ಋಷಿಯೂ ಸರಿ, ಡಾಕ್ಟರೂ ಸರಿ. ಅತ್ತೆಗೂ ಅಮ್ಮನಿಗೂ ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಇಬ್ಬರೂ ಒಪ್ಪಿ ಏಳರಲ್ಲೇ ಮಾಡೋಣ ಎಂದರು.

ಆದರೆ ಲೆಕ್ಕ ಸರಿಹೋದ ಮೇಲೂ ನನ್ನ ಮನಸ್ಸು ಇರುವುದು 'ತುಂಬಿ' ಮತ್ತು 'ಬಿದ್ದಿದೆ' ಎಂಬ ಎರಡು ಪದಗಳ ಮೇಲೆ. ಕೊಡ ತುಂಬುತ್ತದೆ, ಕೆರೆ ತುಂಬುತ್ತದೆ, ತೆನೆಯಲ್ಲಿ ಹಾಲು ತುಂಬುತ್ತದೆ, ಸೀಮಂತದಲ್ಲಿ ಮಡಿಲು ತುಂಬುತ್ತಾರೆ. ಬಸುರಿಗೆ ತಿಂಗಳು ಕಳೆಯುವುದಿಲ್ಲ, ತುಂಬುತ್ತದೆ. ಆಮೇಲೆ ಮುಂದಿನದು ಬೀಳುತ್ತದೆ, ಮಳೆ ಬಿದ್ದ ಹಾಗೆ, ಬೆಳಗ್ಗೆ ಅಂಗಳಕ್ಕೆ ಬಿಸಿಲು ಬಿದ್ದ ಹಾಗೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು ನಾನು, ಇಷ್ಟು ವರ್ಷ ಈ ಮಾತು ಕಿವಿಯ ಮೇಲೆ ಬಿದ್ದಿದ್ದರೂ ಅದರೊಳಗೆ ಏನಿದೆ ಎಂದು ತಿಳಿದದ್ದು ಆ ಬೆಂಚಿನ ಮೇಲೆ ನಾನೇ ಅದನ್ನು ಹೇಳಿದ ದಿನ. ಇವತ್ತು ಸಿಸ್ಟರ್ ನನ್ನ ಹೊಟ್ಟೆಯ ಮೇಲೆ ಟೇಪು ಹಿಡಿದು "ಇಪ್ಪತ್ನಾಲ್ಕು, ಹೊಕ್ಕುಳದ ಮಟ್ಟಕ್ಕೆ ಬಂದಿದೆ" ಎಂದರು. ಈ ಹೊತ್ತಿಗೆ ವಾರಕ್ಕೊಂದು ಸೆಂಟಿಮೀಟರು, ಹೆಚ್ಚುಕಮ್ಮಿ ಅದೇ ಅಂಕಿ. ಟೇಪು ತಣ್ಣಗಿತ್ತು, ಸಿಸ್ಟರ್ ಕೈ ಬೆಚ್ಚಗಿತ್ತು. ತುಂಬುತ್ತಿದೆ ಎಂದುಕೊಂಡೆ.

ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಈ ಬೋರ್ಡು ಹೋದ ತಿಂಗಳೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆಸಿಕೊಂಡೇ ನನಗೆ ಸಿಟ್ಟು ಬಂದದ್ದು. ಹೋದ ಒಂಬತ್ತಕ್ಕೆ ಬಂದವರಲ್ಲಿ ಒಬ್ಬ ಹುಡುಗಿ ಇದ್ದಳು, ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು, ಚೊಚ್ಚಲು, ಐದರಲ್ಲಿ ಬಿದ್ದಿತ್ತು. ಸುಮ್ಮನೆ ತಲೆ ತಗ್ಗಿಸಿ ಕೂತಿದ್ದಳು. ಬೆಂಚಿನಲ್ಲಿ ಬಯಕೆಯ ಮಾತು ಎದ್ದಿತ್ತು. ಒಬ್ಬಳಿಗೆ ಹುಣಸೆಹಣ್ಣಿನ ಗೊಜ್ಜು, ಇನ್ನೊಬ್ಬಳಿಗೆ ತವರಿನ ಅಗಸೆ ಚಟ್ನಿ. ಒಬ್ಬಾಕೆ ಹುಳಿ ಬೇಕಾದರೆ ಗಂಡು, ಸಿಹಿ ಬೇಕಾದರೆ ಹೆಣ್ಣು ಎಂದು ಶುರುಮಾಡಿದಳು. ಆ ಮಾತನ್ನು ನಾನು ಬೆಳೆಯಲು ಬಿಡುವುದಿಲ್ಲ, ಅಲ್ಲೇ ತಡೆದೆ. ಭ್ರೂಣದ ಲಿಂಗ ಹೇಳುವುದೂ ಕೇಳುವುದೂ ಅಪರಾಧ ಎಂದು 1994ರಲ್ಲೇ ಕಾನೂನು ಆಗಬೇಕಾಗಿ ಬಂದ ನಾಡು ಇದು, ಕುತೂಹಲಕ್ಕೂ ಆ ದಾರಿ ಬೇಡ. ಅಷ್ಟರಲ್ಲಿ ಆ ಹುಡುಗಿ ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ಒಂದು ಬಳಪ. ಸ್ಲೇಟಿನ ಮೇಲೆ ಬರೆಯುವ ಬೂದುಬಣ್ಣದ ಬಳಪ, ಕಿರುಬೆರಳಿನಷ್ಟು ಉಳಿದಿತ್ತು, ತುದಿಯಲ್ಲಿ ಹಲ್ಲಿನ ಗುರುತು, ಎಂಜಲಿಗೆ ಆ ಭಾಗ ಕಪ್ಪಾಗಿತ್ತು. "ನಂಗ ಇದ ಬೇಕ ಅನಸ್ತದ. ದಿನಾ ನಾಕ್ ತಿಂತೀನಿ. ಯಾರಿಗೂ ಹೇಳಿಲ್ಲ" ಎಂದಳು.

ಯಾರೂ ನಗಲಿಲ್ಲ. ಒಬ್ಬಾಕೆ, "ನಾ ಮೊದಲ್ನೇದರಾಗ ಒಲಿ ಮಣ್ಣು ತಿಂತಿದ್ದೆ" ಎಂದಳು. ಇನ್ನೊಬ್ಬಳು ಹಸಿ ಅಕ್ಕಿ ಎಂದಳು. ಹಾಗೆ ನಾಲ್ಕು ಜನ ತಂತಮ್ಮ ಗಂಟು ಬಿಚ್ಚಿದ ಮೇಲೆ ಮೂರು ಹೆತ್ತ ಹಿರಿಯಳೊಬ್ಬಳು, "ರಕ್ತ ಕಮ್ಮಿ ಇದ್ರ ಹಿಂಗ ಆಗ್ತದ ಅಂತ ನಂಗ ಡಾಕ್ಟ್ರು ಹೇಳಿದ್ರು, ಒಳಗ ಹೋಗಿ ಹೇಳವ್ವ, ಬೈಯಂಗಿಲ್ಲ" ಎಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಹಿಮೋಗ್ಲೋಬಿನ್ ಎಂಟೂವರೆ ಬಂತು, ಬಸುರಿಯಲ್ಲಿ ಹನ್ನೊಂದಾದರೂ ಇರಬೇಕಾದದ್ದು. ಕಬ್ಬಿಣದ ಮಾತ್ರೆ ಅವಳ ಮನೆಯಲ್ಲಿ ಮೊದಲೇ ಇತ್ತಂತೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕಾದ ಕೆಂಪು ಮಾತ್ರೆ. ಎರಡು ದಿನ ತಗೊಂಡಾಗ ಮಲ ಕಪ್ಪಗೆ ಹೋಯಿತು, ಒಳಗೇನೋ ಆಯಿತು ಎಂದು ಹೆದರಿ ಅಕ್ಕಿಡಬ್ಬಿಯ ಹಿಂದೆ ಇಟ್ಟುಬಿಟ್ಟಿದ್ದಳು. ಕಪ್ಪಗಾಗುವುದು ಸಹಜ ಎಂದು ಅವಳಿಗೆ ಹೇಳಿದ್ದು ಬೆಂಚು. ಕಾಫಿ ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ಲಿಂಬೆಹಣ್ಣಿನ ನೀರಿನ ಜೊತೆ ತಗೋ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಡುವೆ ಹೊತ್ತು ಬಿಡು, ಹೊಟ್ಟೆ ತೊಳೆಸಿದರೆ ರಾತ್ರಿ ಮಲಗುವಾಗ ತಗೋ ಎಂದದ್ದೂ ಬೆಂಚು. ಸಿಸ್ಟರ್ ಇದನ್ನೆಲ್ಲ ಹೇಳುತ್ತಾರೆ, ಹೇಳುವುದಿಲ್ಲ ಎನ್ನಲಾರೆ. ಆದರೆ ಅರವತ್ತು ಜನರ ಸಾಲಿನಲ್ಲಿ ನಿಂತು ಕೇಳಿದ್ದು ಒಂದು ಕಿವಿಯಲ್ಲೂ ನಿಲ್ಲುವುದಿಲ್ಲ, ಪಕ್ಕದಲ್ಲಿ ಕೂತವಳು ತನ್ನ ಮೈಯ ಕಥೆಯಾಗಿ ಹೇಳಿದ್ದು ಮನೆಗೆ ಬರುತ್ತದೆ. ಡಾ. ಅನುಪಮಾ ನಿರಂಜನ 'ತಾಯಿ-ಮಗು' ಬರೆದದ್ದನ್ನು ನೆನೆಯುತ್ತೇನೆ. ನಮ್ಮಮ್ಮ ನನ್ನನ್ನು ಹೊತ್ತಾಗ ಓದಿದ ಪ್ರತಿ ಈಗ ನನ್ನ ದಿಂಬಿನ ಪಕ್ಕದಲ್ಲಿದೆ, ಪೆನ್ಸಿಲಿನಲ್ಲಿ ಗೆರೆ ಎಳೆದ ಸಾಲುಗಳೊಂದಿಗೆ. ಯಾರನ್ನು ಕೇಳುವುದು ಎಂದು ಒದ್ದಾಡುವ ಹೆಣ್ಣಿಗೆ ಒಬ್ಬ ಡಾಕ್ಟರು ಕನ್ನಡದಲ್ಲಿ ಪಕ್ಕ ಕೂತು ಹೇಳಿದ ಹಾಗಿದೆ ಆ ಪುಸ್ತಕ.

ಬಯಕೆಗೆ ಸಂಸ್ಕೃತದಲ್ಲಿ ದೋಹದ, ಹಳಗನ್ನಡದಲ್ಲಿ ದೋಹಳ. ಸುಶ್ರುತಸಂಹಿತೆ ನಾಲ್ಕನೇ ತಿಂಗಳಲ್ಲಿ ಕೂಸಿನ ಹೃದಯ ಮೂಡಿ, ತಾಯಿ ಎರಡು ಹೃದಯದವಳಾಗುತ್ತಾಳೆ, ಅವಳ ಆಸೆ ನಡೆಸಬೇಕು ಎನ್ನುತ್ತದೆ. ಕವಿಗಳು ಮರಕ್ಕೂ ದೋಹದ ಕೊಟ್ಟರು. ಹೆಣ್ಣಿನ ಪಾದ ತಾಗಿದರೆ ಅಶೋಕ ಹೂಬಿಡುತ್ತದೆಂದು ಕಾಳಿದಾಸ 'ಮಾಳವಿಕಾಗ್ನಿಮಿತ್ರ'ದಲ್ಲಿ ಒಂದು ಅಂಕವನ್ನೇ ಅದರ ಸುತ್ತ ಕಟ್ಟಿದ. ಇದನ್ನೆಲ್ಲ ಓದುವಾಗ ಸಂತೋಷವಾಗುತ್ತದೆ. ಆದರೆ ಬಯಕೆ ಎಂದ ಕೂಡಲೇ ನನಗೆ ನೆನಪಾಗುವುದು ಸೀತೆ. ಉತ್ತರಕಾಂಡದಲ್ಲಿ ರಾಮ ಅವಳನ್ನು ಪ್ರೀತಿಯಿಂದಲೇ ಕೇಳುತ್ತಾನೆ, ನಿನಗೇನು ಆಸೆ ಎಂದು. ಗಂಗೆಯ ದಂಡೆಯ ತಪೋವನಗಳನ್ನು ನೋಡಬೇಕು, ಒಂದು ರಾತ್ರಿಯಾದರೂ ಅಲ್ಲಿರಬೇಕು ಎನ್ನುತ್ತಾಳೆ. ಆಮೇಲೆ ಊರಿನ ಮಾತು ರಾಮನ ಕಿವಿಗೆ ಬೀಳುತ್ತದೆ, ಅದೇ ಆಸೆಯ ನೆಪದಲ್ಲಿ ಲಕ್ಷ್ಮಣ ಅವಳನ್ನು ರಥ ಹತ್ತಿಸುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಈ ಭಾಗವನ್ನು ತರಗತಿಯಲ್ಲಿ ಓದುವಾಗ ಪ್ರತಿ ವರ್ಷ ಹಿಂದಿನ ಬೆಂಚಿನ ಹುಡುಗಿಯರು ಸುಮ್ಮನಾಗಿಬಿಡುತ್ತಾರೆ. ಈ ವರ್ಷ ನನಗೇ ಓದು ಮುಂದೆ ಹೋಗಲಿಲ್ಲ. ಅವಳು ಮುನಿಗಳ ಹೆಂಡಿರಿಗೆ ಕೊಡಲು ಸೀರೆ ಒಡವೆಗಳನ್ನು ಕಟ್ಟಿಕೊಂಡು ಹೊರಟಿದ್ದಳು ಎಂಬುದು ನನ್ನನ್ನು ಬಹಳ ಕಾಡುತ್ತದೆ. ಅರಮನೆಯಲ್ಲಿ ಎಲ್ಲ ಇದ್ದರೂ ಅವಳಿಗೆ ಬೇಕಾಗಿದ್ದದ್ದು ನಾಲ್ಕು ಹೆಂಗಸರ ಪಕ್ಕ ಕೂರುವುದು ಎಂದು ನಾನು ಓದಿಕೊಳ್ಳುತ್ತೇನೆ. ಕೊನೆಗೆ ವಾಲ್ಮೀಕಿಯ ಆಶ್ರಮದಲ್ಲಿ ಅವಳ ಬಾಣಂತನ ಮಾಡಿದವರು ಆಶ್ರಮದ ಮುದುಕಿಯರೇ.

ಇವತ್ತು ಬಳಪದ ಹುಡುಗಿ ಮತ್ತೆ ಬಂದಿದ್ದಳು. ಕೆನ್ನೆ ತುಂಬಿಕೊಂಡಿದೆ. ಸೆರಗಿನಲ್ಲಿ ಗಂಟಿಲ್ಲ ಎಂದು ತಾನೇ ಬಿಚ್ಚಿ ತೋರಿಸಿದಳು. ಬೋರ್ಡನ್ನು ಅವಳೂ ನೋಡಿದಳು, ಓದಿದಳು, ಆಮೇಲೆ ಬೋರ್ಡಿಗೆ ಬೆನ್ನು ಹಾಕಿ ಕೂತು, ದನಿ ತಗ್ಗಿಸಿ ನನ್ನನ್ನೇ ಕೇಳಿದಳು: "ಅಕ್ಕಾರ, ಕೂಸು ಮಿಸುಕಾಡೂದು ಹೆಂಗ ಗೊತ್ತಾಗ್ತದ? ನಂಗ ಒಮ್ಮೆ ಆತೋ ಇಲ್ಲೋ ತಿಳೀವಲ್ದು." ಚೊಚ್ಚಲಿಗೆ 18ರಿಂದ 20 ವಾರದ ಹೊತ್ತಿಗೆ ತಿಳಿಯುತ್ತದೆ, ಮುಂದಿನವಕ್ಕೆ ಸ್ವಲ್ಪ ಮೊದಲೇ. ಅದು ಪುಸ್ತಕದ ಉತ್ತರ. ಬೆಂಚು ಬೇರೆ ಉತ್ತರ ಕೊಟ್ಟಿತು. ಅನ್ನ ಕುದಿಯುವಾಗ ಒಂದೊಂದೇ ಗುಳ್ಳೆ ಒಡೆದ ಹಾಗೆ ಎಂದಳು ಒಬ್ಬಳು. ಕೊಡದ ನೀರಿನೊಳಗೆ ಮೀನಿನ ಮರಿ ತಿರುಗಿದ ಹಾಗೆ. ಮುಚ್ಚಿದ ಅಂಗೈಯೊಳಗೆ ಚಿಟ್ಟೆ. ರೆಪ್ಪೆ ಅದುರುತ್ತದಲ್ಲ, ಅದು ಹೊಟ್ಟೆಯಲ್ಲಿ ಅದುರಿದ ಹಾಗೆ. ಮೂರನೆಯದರವಳು, "ವಾಯು ಅಂತ ಅನ್ಕೊಂಡು ಒಂದ್ ವಾರ ಓಂಕಾಳು ತಿಂದೆ" ಎಂದಳು. ಎಲ್ಲರೂ ನಕ್ಕರು. ಒಳಗಿಂದ "ಸೈಲೆನ್ಸ್" ಎಂದು ದನಿ ಬಂತು, ಯಾರೂ ತಿರುಗಿ ನೋಡಲಿಲ್ಲ. ಹುಡುಗಿ ಎರಡೂ ಕೈ ಹೊಟ್ಟೆಯ ಕೆಳಗಿಟ್ಟುಕೊಂಡು, ಅನ್ನದ ಗುಳ್ಳೆಯೋ ಮೀನೋ ಎಂದು ಹುಡುಕುತ್ತ ಕೂತಳು.

ನನ್ನನ್ನೂ ಕೇಳಿದರು. ಅಷ್ಟರಲ್ಲಿ ಎರಡು ಗಂಟೆಯಾಗಿ ನನ್ನ ಹೆಸರು ಕೂಗಿದ್ದರಿಂದ ಹೇಳಲಾಗಲಿಲ್ಲ. ರಕ್ತ ಕೊಟ್ಟು ಬಂದು ನೋಡಿದರೆ ಅವಳು ಒಳಗೆ ಹೋಗಿದ್ದಳು. ಮುಂದಿನ ಒಂಬತ್ತಕ್ಕೆ ಹೇಳಬೇಕು. ನನಗೆ ಅದು ಒಂಬತ್ತನೇ ತರಗತಿಯಲ್ಲಿ ಆಯಿತು. ಕಪ್ಪುಹಲಗೆಯ ಮೇಲೆ ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದೆ, ಲಘು, ಲಘು, ಗುರು. ಮೂರನೆಯ ಸಾಲಿಗೆ ಬಂದಾಗ ಹೊಕ್ಕುಳದ ಕೆಳಗೆ ಎಡಕ್ಕೆ ಯಾರೋ ಒಳಗಿಂದ ಮೆತ್ತಗೆ ಮುಟ್ಟಿದರು. ಸೀಮೆಸುಣ್ಣ ಹಲಗೆಯ ಮೇಲೆ ಹಾಗೇ ನಿಂತಿತು. ಇನ್ನೊಮ್ಮೆ ಬರಲಿ ಎಂದು ಉಸಿರು ಹಿಡಿದು ಕಾದೆ. ನಲವತ್ತು ಮಕ್ಕಳೂ ಸುಮ್ಮನಾದರು. ಮುಂದಿನ ಸಾಲಿನ ಒಬ್ಬ ಹುಡುಗ ಬಹಳ ಹೊತ್ತು ನೋಡಿ, ಎದ್ದು ನಿಂತು, ನನಗೆ ಸಹಾಯವಾಗಲಿ ಎಂದು ಮೆಲ್ಲಗೆ ಹೇಳಿಕೊಟ್ಟ: "ಮಿಸ್, ಅಲ್ಲಿ ಲಘು ಬರ್ತದೆ."