ಗೇಟು, ಮೀಟರು ಮತ್ತೊಂದು ಪಾರಿಜಾತದ ಮರ

ಬಸವನಗುಡಿ, ಮಲ್ಲೇಶ್ವರಂ ಹುಟ್ಟಿದ್ದು 1898ರ ಪ್ಲೇಗ್ ಕಾಲದಲ್ಲಿ. ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದು ನಾಲ್ಕು ಉಸಿರು ಗಾಳಿ ಕುಡಿಯಲಿ ಅಂತ ಅಗಲ ರಸ್ತೆ, ಮನೆ ಸುತ್ತ ಜಾಗ ಬಿಟ್ಟರು. ಚಾಮರಾಜಪೇಟೆ ಇನ್ನೂ ಹಳೆಯದು, 1892ರದು. ಆಗಿನ ಗೇಟಿಗೆ ಜಟಕಾದ ಲೆಕ್ಕ ಸಾಕಿತ್ತು. ಈಗ ಅದೇ ಗೇಟಿನ ಮುಂದೆ ಐದು ಮೀಟರ್ ಉದ್ದದ ಎಸ್‌ಯುವಿ ಬಂದು ನಿಂತಿದೆ.

ಬಸವನಗುಡಿಯ ನಮ್ಮ ಅಕ್ಕನ ಮನೇಲಿ ಆರು ಜನ. ದೊಡ್ಡ ಕಾರು ತಗೊಳ್ಳೋದು ಅಂತ ತೀರ್ಮಾನವಾಗಿದೆ. ಭಾವನಿಗೆ ಪ್ಲಗ್-ಇನ್ ಹೈಬ್ರಿಡ್ ಬೇಕು: ಊರೊಳಗೆ ಕರೆಂಟು, ಶೃಂಗೇರಿಗೆ ಹೋಗೋವಾಗ ಪೆಟ್ರೋಲು. ಅಕ್ಕನಿಗೆ ಪೂರ್ತಿ ಎಲೆಕ್ಟ್ರಿಕ್ಕೇ ಬೇಕು. ಪಂಚಾಯ್ತಿಗೆ ನನ್ನನ್ನು ಕರೆದರು.

ನಾನು ಮೊದಲು ಕೇಳಿದ್ದು, ದಿನಕ್ಕೆ ಎಷ್ಟು ಓಡಿಸ್ತೀರಿ ಅಂತ. ಸ್ಕೂಲು, ಆಫೀಸು, ಗಾಂಧಿ ಬಜಾರು ಎಲ್ಲಾ ಸೇರಿ 30 ಕಿ.ಮೀ. ಇಷ್ಟಕ್ಕೆ ದೊಡ್ಡ ಇವಿಗೆ ಏಳೆಂಟು ಯೂನಿಟ್ ಸಾಕು. ಮನೆಯ 15 ಆಂಪ್ ಸಾಕೆಟ್ ಗಂಟೆಗೆ ಸುಮಾರು 3 ಯೂನಿಟ್ ಕೊಡುತ್ತೆ. ಅಂದ್ರೆ ಎರಡೂವರೆ, ಮೂರು ಗಂಟೆ. 100 ಯೂನಿಟ್‌ನ ಬ್ಯಾಟರಿ ಖಾಲಿಯಿಂದ ತುಂಬೋಕೆ ಅದೇ ಸಾಕೆಟ್ಟಲ್ಲಿ 30 ಗಂಟೆ ದಾಟುತ್ತೆ, ನಿಜ. ಆದ್ರೆ ದಿನಾ ಖಾಲಿ ಮಾಡೋರು ಯಾರು? ಬೇಗ ಆಗಬೇಕು ಅಂದ್ರೆ ವಾಲ್ ಚಾರ್ಜರ್ ಹಾಕಿಸಬೇಕು. ಹಳೇ ಮನೆಗಳ ಮಂಜೂರಾದ ಲೋಡು ಅದಕ್ಕೆ ಸಾಲದೆ ಹೋಗಬಹುದು. ಬೆಸ್ಕಾಂ ಬಿಲ್ಲಲ್ಲೇ ಅದು ಬರೆದಿರುತ್ತೆ, ನೋಡಿಕೊಳ್ಳಿ.

ಚಾಮರಾಜಪೇಟೆಯ ಚಿಕ್ಕಪ್ಪನ ಲೆಕ್ಕವೇ ಬೇರೆ. ಅವರ ಕಾರು ಮಲಗೋದು ಬೀದಿಯಲ್ಲಿ. ಮನೆಯಿಂದ ವೈರ್ ಎಳೆದು ಫುಟ್‌ಪಾತ್ ದಾಟಿಸೋ ಹಾಗಿಲ್ಲ. ಅಂಥವರು ಪ್ಲಗ್-ಇನ್ ಹೈಬ್ರಿಡ್ ತಗೊಂಡ್ರೆ ಅದು ಭಾರದ ಬ್ಯಾಟರಿ ಹೊತ್ತು ತಿರುಗೋ ಪೆಟ್ರೋಲ್ ಕಾರು, ಅಷ್ಟೆ. ಮಲ್ಲೇಶ್ವರದಲ್ಲಿ ನಾನಿರೋ ಅಪಾರ್ಟ್‌ಮೆಂಟಲ್ಲಿ ಪಾರ್ಕಿಂಗ್ ಇದೆ, ಸಾಕೆಟ್ ಮಾತ್ರ ಕಾಮನ್ ಮೀಟರಿಂದು. ಅಸೋಸಿಯೇಷನ್ ಒಪ್ಪಬೇಕು, ಇವಿಗೇ ಅಂತ ಪ್ರತ್ಯೇಕ ಮೀಟರಿಗೆ ಅರ್ಜಿ ಹಾಕಬೇಕು. ಸ್ವಂತ ಸಾಕೆಟ್ ಇಲ್ಲದೆ ಎರಡರಲ್ಲಿ ಯಾವುದೂ ದಕ್ಕಲ್ಲ.

ದುಡ್ಡಿನ ಮಾತು. ಇವಿಗೆ ಜಿಎಸ್‌ಟಿ 5%. ಲಕ್ಷುರಿ ಪ್ಲಗ್-ಇನ್ ಹೈಬ್ರಿಡ್‌ಗೆ 2025ರ ಸೆಪ್ಟೆಂಬರ್‌ನಿಂದ 40%. ಕರ್ನಾಟಕದಲ್ಲಿ 25 ಲಕ್ಷ ದಾಟಿದ ಇವಿಗೆ 2024ರಿಂದ 10% ಲೈಫ್‌ಟೈಮ್ ಟ್ಯಾಕ್ಸ್ ಬಂದಿದೆ, ಅದನ್ನೂ ಸೇರಿಸಿಕೊಳ್ಳಿ. ಇಷ್ಟೆಲ್ಲಾ ಹೆಚ್ಚಿಗೆ ಕೊಡೋದು ವರ್ಷಕ್ಕೊಂದು ಶೃಂಗೇರಿ ಪ್ರಯಾಣಕ್ಕಾ ಅಂದೆ. ಭಾವ ಸುಮ್ಮನಾದರು.

ಆಮೇಲೆ ಟೇಪು ತಂದೆವು. ಗೇಟಿಂದ ಪಾರಿಜಾತದ ಬುಡಕ್ಕೆ 17 ಅಡಿ, ಅಂದ್ರೆ ಸುಮಾರು 5.2 ಮೀಟರ್. ಅಕ್ಕನ ಅತ್ತೆ ಮದುವೆಯಾಗಿ ಬಂದ ವರ್ಷ ನೆಟ್ಟ ಮರ ಅದು. ಈಗಲೂ ಬೆಳಗ್ಗೆ ಬಿದ್ದ ಹೂ ಆರಿಸಿ ದೇವರಿಗೆ ಇಡ್ತಾರೆ. ಭಾವ ನೋಡಿಟ್ಟಿದ್ದ ಗಾಡಿಗಳೆಲ್ಲ 4.95 ಮೀಟರಿಗೆ ಕಮ್ಮಿ ಇಲ್ಲ. ನಿಲ್ಲಿಸಿದರೆ ಗೇಟು ಹಾಕಿ ಮನುಷ್ಯರು ಓಡಾಡೋಕೆ ಜಾಗ ಉಳಿಯಲ್ಲ, ಮರ ಕಡಿಸಬೇಕು. 2001ರಲ್ಲಿ ನಮ್ಮ ಬೆಂಗಳೂರಲ್ಲೇ ತಯಾರಾದ ರೇವಾ ಎಲೆಕ್ಟ್ರಿಕ್ ಕಾರು ಬರೀ 2.6 ಮೀಟರ್ ಇತ್ತು ಅಂತ ನೆನಪಿಸಿದೆ. ಯಾರೂ ನಗಲಿಲ್ಲ.

ಅತ್ತೆ ಜಗಲಿ ಮೇಲೆ ಕೂತು ಕೇಳಿಸ್ಕೊಳ್ತಿದ್ರು. "ಮರ ನಂದು ಅಂತ ಹಟ ಮಾಡಲ್ಲಪ್ಪ, ನಿಮಗೆ ಬೇಕಾದ್ರೆ ತೆಗೀರಿ," ಅಂದ್ರು. ಹಾಗಂದ ಮೇಲೆ ಯಾರಿಗೂ ತೆಗೆಯೋಕೆ ಮನಸ್ಸು ಬರಲಿಲ್ಲ. ಅಕ್ಕ ಮತ್ತೆ ಹುಡುಕಿದಳು. ಏಳು ಸೀಟಿನ ಎಲೆಕ್ಟ್ರಿಕ್ ಮರ್ಸಿಡಿಸ್ ಇಕ್ಯೂಬಿ 4.68 ಮೀಟರ್, ಅರ್ಧ ಮೀಟರ್ ಮಿಗುತ್ತೆ. ಕೊನೇ ಸಾಲಲ್ಲಿ ಮಕ್ಕಳು ಮಾತ್ರ ಆರಾಮಾಗಿ ಕೂರಬಹುದು. ಶೃಂಗೇರಿ ದಾರೀಲಿ ಒಂದು ಸಲ ಅರ್ಧ ಮುಕ್ಕಾಲು ಗಂಟೆ ಫಾಸ್ಟ್ ಚಾರ್ಜಿಗೆ ನಿಲ್ಲಬೇಕು.

"ತಿಂಡಿಗೆ ಹೇಗೂ ನಿಲ್ಲಿಸ್ತೀರಲ್ಲ," ಅಂದ್ರು ಅತ್ತೆ.

ಮುಂದಿನ ವಾರ ಟೆಸ್ಟ್ ಡ್ರೈವ್. ಕಾರನ್ನ ಮನೆಗೇ ತರೋಕೆ ಹೇಳಿದ್ದೀವಿ, ಮೊದಲು ಒಳಗೆ ನಿಲ್ಲಿಸಿ ಗೇಟು ಹಾಕಿ ನೋಡಬೇಕು.